ಪುಷ್ಯ ಮಾಸದ ಫ್ಯಾನು

ಕಳೆದ ವಾರ ನಮ್ಮ ಹಳೆಯ ಮನೆ ಯಜಮಾನರ ತಿಥಿಗೆ ಹೋಗಿ ಊಟ ಮಾಡಿಕೊಂಡು ಬಂದೆ. ಊಟ ಚೆನ್ನಾಗಿತ್ತು. ಊಟಕ್ಕೆ ಮುಂಚೆ ನಡೆದ ಮಾತು ಮಾತ್ರ ಗಂಟಲಲ್ಲಿ ಇಳಿಯಲಿಲ್ಲ. ಅವರ ಹಳೆಯ ವಿದ್ಯಾರ್ಥಿಯೊಬ್ಬರು ಎದ್ದು ನಿಂತು, ‘ವಿಜ್ಞಾನವನ್ನು ಕಾಲೇಜಿನಿಂದ ಮನೆಯೊಳಗೆ ತಂದ ಮಹಾನುಭಾವರು’ ಎಂದರು. ಪಕ್ಕದಲ್ಲಿದ್ದವರು ಕಣ್ಣೊರೆಸಿಕೊಂಡರು. ಮೈಸೂರಿನ ಒಂಟಿಕೊಪ್ಪಲಿನ ಅವರ ಮನೆಯ ಹಿತ್ತಲಿನ ಔಟ್‌ಹೌಸಿನಲ್ಲಿ ನನ್ನ ತಾಯಿಯ ಜೊತೆ ವರ್ಷಗಟ್ಟಲೆ ಬಾಡಿಗೆಗಿದ್ದವಳು ನಾನು. ವಿಜ್ಞಾನ ಆ ಮನೆಯೊಳಗೆ ಬಂದದ್ದನ್ನು ಕಣ್ಣಾರೆ ಕಂಡಿದ್ದೇನೆ. ಬಂದು ಏನು ಮಾಡಿತು ಅನ್ನುವುದನ್ನೂ ಕಂಡಿದ್ದೇನೆ. ಹೆಸರು ಮಾತ್ರ ಹೇಳುವುದಿಲ್ಲ. ಅವರ ಹೆಂಡತಿ ಇನ್ನೂ ಇದ್ದಾರೆ, ನನಗೆ ಬೇಕಾದವರು.

ಅವರು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಿದ್ದರು. ನಾನು ಹುಡುಗಿಯರ ಮಿಡ್ಲ್‌ಸ್ಕೂಲಿನಲ್ಲಿ ಕನ್ನಡ ಹೇಳುತ್ತಿದ್ದೆ. ಈ ಎರಡರ ನಡುವಿನ ಅಂತರವನ್ನು ಅವರು ಒಂದು ದಿನವೂ ನನಗೆ ಮರೆಯಲು ಬಿಡಲಿಲ್ಲ. ಮಾತು ಶುರುಮಾಡುವ ಮೊದಲು ಬಲಗೈಯ ತೋರುಬೆರಳನ್ನು ಸೂರಿನ ಕಡೆಗೆ ಎತ್ತುವುದು ಅವರ ಅಭ್ಯಾಸ. ಬೆರಳು ಎದ್ದಿತೆಂದರೆ ಎದುರಿಗಿದ್ದವರು ಕೈಲಿದ್ದ ಕೆಲಸ ಬಿಟ್ಟು ನಿಲ್ಲಬೇಕು. ‘ತತ್ವ ಅರ್ಥ ಮಾಡ್ಕೋಬೇಕಮ್ಮ, ತತ್ವ’ ಎನ್ನುತ್ತಿದ್ದರು. ಹಾಲಿನವಳಿಗೆ ಸಾಂದ್ರತೆಯ ತತ್ವ, ಅಗಸನಿಗೆ ಆವಿಯ ತತ್ವ, ಹೆಂಡತಿಗೆ ದಿನಕ್ಕೊಂದು ತತ್ವ. ಆ ಹೆಣ್ಣುಮಗಳನ್ನು ನಾನು ಅಕ್ಕ ಎಂದು ಕರೆಯುತ್ತಿದ್ದೆ. ಒಗ್ಗರಣೆ ಹಾಕುವಾಗ ಸಾಸಿವೆ ಯಾಕೆ ಸಿಡಿಯುತ್ತದೆ ಎಂದು ಗಂಡ ಅಡುಗೆಮನೆಯ ಬಾಗಿಲಲ್ಲಿ ನಿಂತು ವಿವರಿಸುತ್ತಿದ್ದರೆ ಅಕ್ಕ ಹೂಂ, ಹೂಂ ಎನ್ನುತ್ತಲೇ ಒಗ್ಗರಣೆ ಹಾಕಿ, ಸಾರು ಇಳಿಸಿ, ತಟ್ಟೆ ಇಟ್ಟು, ‘ಬನ್ನಿ ಊಟಕ್ಕೆ’ ಅನ್ನುವರು. ವಿವರಣೆ ಇನ್ನೂ ಅರ್ಧದಲ್ಲಿರುತ್ತಿತ್ತು.

ಅವರ ಇನ್ನೊಂದು ಮಾತು ‘ಅದು ಭಾವನೆ.’ ನಿಮಗೆ ತಲೆ ನೋಯುತ್ತಿದೆ ಎಂದರೆ ಅದು ಭಾವನೆ. ಸೆಕೆ ಆಗುತ್ತಿದೆ ಎಂದರೆ ಅದೂ ಭಾವನೆ. ಅವರಿಗೆ ತಲೆ ನೋವು ಬಂದರೆ ಮಾತ್ರ ಅದು ರಕ್ತದ ಒತ್ತಡ.

ಆಗ ಮೈಸೂರಿನ ಮನೆಗಳಲ್ಲಿ ಫ್ಯಾನು ಅಪರೂಪ. ಈ ಊರಿನ ಹವೆಗೆ ಫ್ಯಾನು ಯಾತಕ್ಕೆ ಎಂದು ಜನ ನಗುತ್ತಿದ್ದ ಕಾಲ. ಇವರು ಒಂದು ಬೇಸಗೆಯಲ್ಲಿ ನಡುಮನೆಗೆ ಫ್ಯಾನು ಹಾಕಿಸಿದರು. ಬೀದಿಯವರೆಲ್ಲ ಬಂದು ತಲೆಯೆತ್ತಿ ನೋಡಿ ಹೋದರು. ಆದರೆ ಆ ಬೇಸಗೆಯಲ್ಲಿ ಅದು ತಿರುಗಿದ್ದು ಕಡಿಮೆ. ಒಲೆಯ ಮುಂದೆ ಬೆಂದು ಬಂದ ಅಕ್ಕ ಅದರ ಕೆಳಗೆ ಒಂದು ಗಳಿಗೆ ಕೂತರೆ, ಇವರು ಬೆರಳೆತ್ತಿ, ‘ಬೆವರು ಆರಿದರೆ ಮೈ ತಣ್ಣಗಾಗುತ್ತೆ ಅಷ್ಟೆ, ಕೋಣೆ ತಣ್ಣಗಾಗೋದಿಲ್ಲ. ತತ್ವ ಗೊತ್ತಿಲ್ಲದೆ ಕೂತ್ಕೋಬೇಡ’ ಎಂದು ಸ್ವಿಚ್ಚು ಆರಿಸುತ್ತಿದ್ದರು.

ಅದು ಬಿಡುವಿಲ್ಲದೆ ತಿರುಗತೊಡಗಿದ್ದು ಚಳಿಗಾಲದಲ್ಲಿ.

ತರಬೇತಿಗೆಂದು ಇವರು ಕೆಲವು ತಿಂಗಳು ವಿಲಾಯಿತಿಗೆ ಹೋಗಿಬಂದಿದ್ದರು. ಅಲ್ಲಿಂದ ತಂದದ್ದು ಎರಡು: ಮೊಣಕಾಲು ಮುಚ್ಚುವ ಕಪ್ಪು ಉಣ್ಣೆಯ ಕೋಟು, ಮತ್ತು ಯಾವುದೋ ಕಾರ್ಖಾನೆಯಲ್ಲಿ ಕಂಡ ಒಂದು ದೃಶ್ಯ. ಆ ಕಾರ್ಖಾನೆಯ ಎತ್ತರದ ಸೂರಿನಡಿ ಚಳಿಗಾಲದಲ್ಲೂ ದೊಡ್ಡ ಫ್ಯಾನುಗಳು ಮೆಲ್ಲನೆ ತಿರುಗುತ್ತಿದ್ದುವಂತೆ. ಬಿಸಿ ಗಾಳಿ ಹಗುರ, ಮೇಲೇರಿ ಸೂರಿನಡಿ ನಿಲ್ಲುತ್ತದೆ. ಫ್ಯಾನನ್ನು ಉಲ್ಟಾ ತಿರುಗಿಸಿದರೆ ಅದು ಕೆಳಗಿನ ಗಾಳಿಯನ್ನು ಮೇಲಕ್ಕೆಳೆಯುತ್ತದೆ. ಮೇಲಿದ್ದ ಬಿಸಿ ಗಾಳಿ ಗೋಡೆಗುಂಟ ಕೆಳಗಿಳಿದು ಬರುತ್ತದೆ. ಮಾತು ಸುಳ್ಳಲ್ಲ. ನಮ್ಮ ಸ್ಕೂಲಿನ ವಿಜ್ಞಾನದ ಟೀಚರನ್ನು ಕೇಳಿ ನಾನು ಖಚಿತ ಮಾಡಿಕೊಂಡಿದ್ದೇನೆ. ಆದರೆ ಅದೇ ಟೀಚರು ಇನ್ನೊಂದು ಮಾತೂ ಹೇಳಿದರು: ‘ಆ ಕಾರ್ಖಾನೆಯಲ್ಲಿ ಕುಲುಮೆ ಉರೀತಿತ್ತು ಕಣ್ರೀ. ಇವರ ಮನೇಲಿ ಏನು ಉರೀತಿತ್ತು?’

ಏನೂ ಇಲ್ಲ. ಹಗಲೆಲ್ಲ ಬಿಸಿಲಿಗೆ ಕಾದ ತಾರಸಿಯಲ್ಲಿ ಶಾಖ ಇರುತ್ತದೆ, ಫ್ಯಾನು ಅದನ್ನೇ ಇಳಿಸಿಕೊಡುತ್ತದೆ ಎಂಬುದು ಇವರ ವಾದ. ಪುಷ್ಯ ಮಾಸದಲ್ಲಿ, ಬೆಟ್ಟವೇ ಕಾಣದಷ್ಟು ಮಂಜು ಬೀಳುವ ಊರಿನಲ್ಲಿ, ತಾರಸಿ ಸಂಜೆಯ ಹೊತ್ತಿಗೇ ಹೆಣದಂತೆ ತಣ್ಣಗಾಗಿರುತ್ತಿತ್ತು. ಇವರು ಸ್ಟೂಲು ಹತ್ತಿ, ಮೋಟಾರಿನ ಮುಚ್ಚಳ ಬಿಚ್ಚಿ, ತಂತಿ ಅದಲುಬದಲು ಮಾಡಿ, ಫ್ಯಾನು ಉಲ್ಟಾ ತಿರುಗುವಂತೆ ಮಾಡಿದರು. ಇಳಿದು ಬಂದು ಅದರ ಕೆಳಗೆ ಕುರ್ಚಿ ಎಳೆದುಕೊಂಡು ಕೂತರು. ಹೇಗೆ ಕೂತರು ಅಂತೀರಿ? ವಿಲಾಯಿತಿಯ ಉಣ್ಣೆ ಕೋಟು ತೊಟ್ಟು, ಮಫ್ಲರ್ ಸುತ್ತಿ, ಕಾಲುಚೀಲ ಹಾಕಿಕೊಂಡು, ಕಿವಿ ಮುಚ್ಚುವ ಟೋಪಿ ಇಟ್ಟುಕೊಂಡು ಕೂತರು. ಕೂತು, ‘ಕೋಣೆ ಬೆಚ್ಚಗಾಯಿತು’ ಎಂದು ಸಾರಿದರು.

ಮನೆಗೆ ಬಂದವರೆಲ್ಲ ಅದರ ಕೆಳಗೆ ಕೂರಬೇಕು. ‘ಈಗ ಹೇಗನ್ನಿಸುತ್ತೆ?’ ಎಂದು ಕೇಳುವರು. ಬರುವವರು ಯಾರು? ಅವರ ಕೈಕೆಳಗಿನ ಲೆಕ್ಚರರುಗಳು, ಪ್ರಾಕ್ಟಿಕಲ್ ಪರೀಕ್ಷೆ ಹತ್ತಿರವಿದ್ದ ವಿದ್ಯಾರ್ಥಿಗಳು. ಕಾಫಿ ಲೋಟವನ್ನು ಎರಡು ಕೈಯಲ್ಲೂ ಅವುಚಿಕೊಂಡು, ‘ಭಾಳ ಬೆಚ್ಚಗಿದೆ ಸಾರ್, ಹೊರಗಿನಿಂದ ಬಂದೋರಿಗೆ ತಕ್ಷಣ ಗೊತ್ತಾಗುತ್ತೆ’ ಎನ್ನುವರು. ಒಬ್ಬ ಮಹಾಶಯರಂತೂ ನನ್ನೆದುರಿಗೇ, ಬೆವರು ಬರುವ ಹಾಗಾಗುತ್ತಿದೆ ಎಂದರು. ಹೇಳುವಾಗ ಅವರ ಹಲ್ಲು ಕಟಕಟ ಅನ್ನುತ್ತಿತ್ತು.

ನನ್ನನ್ನೂ ಒಂದು ಸಲ ಕೂರಿಸಿದರು.

‘ಚಳಿ ಆಗ್ತಿದೆ ಸಾರ್’ ಎಂದೆ.

ಬೆರಳು ಎದ್ದಿತು. ‘ಅದು ಭಾವನೆ. ಫ್ಯಾನು ಅಂದರೆ ತಂಪು ಅಂತ ಚಿಕ್ಕಂದಿನಿಂದ ತಲೇಲಿ ಕೂತುಬಿಟ್ಟಿದೆ. ಭಾಷೆ ಓದಿದವರಿಗೆ ಇದು ಸಹಜ.’

ನನ್ನ ತಾಯಿ ಹಳ್ಳಿಯವಳು, ಬೇಸಾಯದ ಮನೆಯಲ್ಲಿ ಬೆಳೆದವಳು. ಅವಳಿಗೆ ಇದನ್ನು ಬಂದು ಹೇಳಿದರೆ, ‘ಬುಡು ಮಗಾ, ಅವಯ್ಯಂಗೆ ಅಂಗೇ ಬೆಚ್ಚಗಾದ್ರೆ ಆಗ್ಲಿ. ನಮ್ಗೇನು?’ ಎಂದಳು. ಅಲ್ಲಿಯವರೆಗೆ ನನಗೂ ಅದು ನಗುವ ವಿಷಯವೇ ಆಗಿತ್ತು. ಆ ವರ್ಷ ಅವರ ಮಗಳು ಲೀಲಾ ಚೊಚ್ಚಲ ಹೆರಿಗೆಗೆ ತವರಿಗೆ ಬಾರದಿದ್ದರೆ ಇವತ್ತಿಗೂ ಅದನ್ನು ನಗೆಚಾಟಿಕೆಯಾಗಿ ಹೇಳಿ ಮುಗಿಸುತ್ತಿದ್ದೆ.

ಲೀಲಾಳಿಗೆ ತಿಂಗಳು ತುಂಬುವ ಮೊದಲೇ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಹೆಣ್ಣು ಮಗು. ಅಂಗೈಯಲ್ಲಿ ಹಿಡಿಸುವಷ್ಟು ಸಣ್ಣದು. ಅಳುವೆಂದರೆ ಬೆಕ್ಕಿನ ಮರಿಯ ಹಾಗೆ ಒಂದು ಎಳೆ ದನಿ. ಮನೆಗೆ ಕಳಿಸುವಾಗ ಲೇಡಿ ಡಾಕ್ಟರು ಅಕ್ಕನನ್ನು ಪಕ್ಕಕ್ಕೆ ಕರೆದು, ‘ಈ ಕೂಸಿಗೆ ಔಷಧಿ ಅಂದರೆ ಶಾಖ ಕಣಮ್ಮ. ತಣ್ಣಗಾಗೋಕೆ ಮಾತ್ರ ಬಿಡಬೇಡಿ’ ಎಂದಿದ್ದರು.

ಅಕ್ಕ ಅಡುಗೆಮನೆಗೆ ಅಂಟಿಕೊಂಡ ಕೋಣೆಯನ್ನು ಬಾಣಂತಿಗೆಂದು ತೊಳೆದು ಸಜ್ಜುಮಾಡಿದ್ದರು. ಒಂದು ಗೋಡೆಯ ಆಚೆ ಒಲೆ, ಮಂಚದ ಪಕ್ಕ ಅಗ್ಗಿಷ್ಟಿಕೆ. ಇವರು ಬಂದು ನೋಡಿದರು.

‘ಇದೇನು ಗೂಡು? ಹೊಗೆ, ಕತ್ತಲೆ. ಮುಚ್ಚಿದ ಕೋಣೇಲಿ ಇದ್ದಿಲು ಉರಿಸಿದರೆ ವಿಷಗಾಳಿ ಆಗುತ್ತೆ, ಗೊತ್ತಾ? ನಡುಮನೆಗೆ ಮಂಚ ಹಾಕಿ. ಅಲ್ಲಿ ಬೆಚ್ಚಗಿರುತ್ತೆ, ಶುದ್ಧವಾಗಿಯೂ ಇರುತ್ತೆ.’

ಇದ್ದಿಲಿನ ಮಾತು ನಿಜವೇ. ಈ ಮನುಷ್ಯನ ಕಷ್ಟ ಅದೇ. ಪೂರ್ತಿ ಸುಳ್ಳು ಹೇಳುವವರನ್ನು ಹಿಡಿದು ನಿಲ್ಲಿಸಬಹುದು. ಇವರು ಅರ್ಧ ನಿಜ ಹೇಳಿ, ಉಳಿದರ್ಧಕ್ಕೆ ತಮ್ಮ ಜಂಬವನ್ನು ತುಂಬುತ್ತಿದ್ದರು.

‘ಕಿಟಕಿ ತೆಗೆದಿಟ್ಟಿದ್ದೀನಿ’ ಎಂದರು ಅಕ್ಕ.

‘ನಿನಗೆ ತತ್ವ ಗೊತ್ತಿಲ್ಲ’ ಎಂದರು ಇವರು. ಮಂಚ ನಡುಮನೆಗೆ ಹೋಯಿತು.

ಬಾಣಂತಿಗೆ ಗಾಳಿ ಸೋಕಬಾರದೆಂದು ಕಿವಿಗೆ ಹತ್ತಿ ಇಟ್ಟು, ತಲೆಗೆ ಬಟ್ಟೆ ಕಟ್ಟಿ ಕೂರಿಸುವ ನಾಡು ಇದು. ಲೀಲಾ ಕಿವಿಗೆ ಹತ್ತಿ ಇಟ್ಟುಕೊಂಡು ತಿರುಗುವ ಫ್ಯಾನಿನ ಕೆಳಗೆ ಮಲಗಿದಳು. ಅಪ್ಪನಿಗೆ ಎದುರಾಡಿ ಗೊತ್ತಿರದ ಹುಡುಗಿ. ನನ್ನ ತಾಯಿ ನೋಡಲು ಹೋದವಳು ಹೊಸ್ತಿಲಲ್ಲೇ ನಿಂತು, ‘ಅಯ್ಯೋ ನನ್ನವ್ವಾ, ಇದೆಂಗೆ ಬಾಣ್ತಿ ಮೇಲೆ ಗಾಳಿ ಬುಟ್ಟವ್ರೆ?’ ಎಂದಳು. ಮಂಚದ ಆಚೆ ಕೋಟು ತೊಟ್ಟು ಕೂತಿದ್ದವರು ಪುಸ್ತಕದಿಂದ ಕಣ್ಣೆತ್ತದೆ, ‘ಗಾಳಿ ಮೇಲಕ್ಕೆ ಹೋಗ್ತಿದೆ ಕಣಮ್ಮ, ಕೆಳಕ್ಕಲ್ಲ’ ಎಂದರು.

ಅಕ್ಕ ಒಂದು ಉಪಾಯ ಮಾಡಿದರು. ಗಂಡ ಕಾಲೇಜಿಗೆ ಹೋದ ಮೇಲೆ ಹಿತ್ತಲಲ್ಲಿ ಇದ್ದಿಲು ಹೊತ್ತಿಸಿ, ಹೊಗೆಯೆಲ್ಲ ಹೋಗಿ ಕೆಂಡ ನಿಗಿನಿಗಿ ಆದಮೇಲೆ ಅಗ್ಗಿಷ್ಟಿಕೆಯನ್ನು ನಡುಮನೆಗೆ ತಂದಿಟ್ಟು, ಕಿಟಕಿಯ ಒಂದು ರೆಕ್ಕೆ ತೆರೆದರು. ಫ್ಯಾನು ಆರಿಸಲಿಲ್ಲ, ರೆಗ್ಯುಲೇಟರನ್ನು ತೀರ ಕೆಳಕ್ಕೆ ತಿರುಗಿಸಿದರು. ಮಧ್ಯಾಹ್ನ ಸ್ಕೂಲಿನಿಂದ ಬಂದು ನಾನು ಒಳಗೆ ಕಾಲಿಟ್ಟಾಗ ನಡುಮನೆಯ ಮೂಲೆಮೂಲೆಯೂ ಹದವಾಗಿ ಬೆಚ್ಚಗಿತ್ತು. ಮಗು ಮೊದಲ ಸಲ ಹೊಟ್ಟೆ ತುಂಬ ಹಾಲು ಕುಡಿದು, ತುಟಿ ಕೆಂಪಾಗಿ ಮಲಗಿತ್ತು. ಅಕ್ಕ ಮೇಲೆ ನೋಡಿ, ಸಣ್ಣಗೆ ನಕ್ಕು, ‘ಪಾಪ, ಅದರದ್ದೇನೂ ತಪ್ಪಿಲ್ಲ ಕಣೆ’ ಎಂದರು, ಫ್ಯಾನನ್ನು ಕುರಿತು.

ಸಂಜೆಯದ್ದು ಆಮೇಲೆ ಲೀಲಾ ಹೇಳಿದ್ದು: ಇವರು ಇಬ್ಬರು ಲೆಕ್ಚರರುಗಳನ್ನು ಕರೆದುಕೊಂಡು ಬಂದರು. ಬಾಗಿಲಲ್ಲೇ ಬೆಚ್ಚನೆಯ ಹವೆ ಮುಖಕ್ಕೆ ತಾಗಿತು. ಇವರ ಮುಖ ಅರಳಿತು. ‘ನೋಡಿದಿರಾ? ನೋಡಿದಿರಾ? ಏನು ಹೇಳಿದ್ದೆ ನಾನು?’ ಎಂದು ಬೆರಳೆತ್ತಿದರು. ಬಂದವರಲ್ಲಿ ಒಬ್ಬರು, ಪಾಪ, ಮಂಚದ ಪಕ್ಕ ನೋಡಿ, ‘ಸಾರ್, ಅಗ್ಗಿಷ್ಟಿಕೆ ಇದೆ’ ಎಂದುಬಿಟ್ಟರು.

ಇವರು ಹೆಂಡತಿಯ ಕಡೆ ನೋಡಿದರು. ಮೋಸ ಹೋದವರ ನೋಟ ಅದು. ‘ನನ್ನ ಪ್ರಯೋಗ ಕೆಡಿಸಿದೆಯಲ್ಲ’ ಎಂದರು. ಕೈಗೆ ಬಟ್ಟೆ ಸುತ್ತಿಕೊಂಡು ಅಗ್ಗಿಷ್ಟಿಕೆಯನ್ನು ತಾವೇ ಎತ್ತಿ ಹಿತ್ತಲಿಗೆ ಒಯ್ದರು. ಕೆಂಡದ ಮೇಲೆ ಒಂದು ಕೊಡ ನೀರು ಸುರಿದರು. ಚೊಂಯ್ ಎಂದ ಸದ್ದಿಗೆ ನಾನೂ ನನ್ನ ತಾಯಿಯೂ ಹೊರಗೆ ಬಂದೆವು. ಬೂದಿ ನೀರು ನಮ್ಮ ಬಾಗಿಲವರೆಗೂ ಹರಿದು ಬಂತು. ‘ಈಗ ಶುದ್ಧ ಫಲಿತಾಂಶ ಸಿಗುತ್ತೆ’ ಎಂದು ಒಳಗೆ ಹೋದರು.

ಬೆಳಿಗ್ಗೆ ನಾನು ಹಿತ್ತಲಲ್ಲಿ ಮುಖ ತೊಳೆಯುತ್ತಿದ್ದಾಗ ಅಕ್ಕ ಕೂಗಿದರು. ಅವರು ದನಿ ಎತ್ತಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಓಡಿ ಹೋದೆ. ಮಗುವನ್ನು ರವಿಕೆಯೊಳಗೆ ಎದೆಗೆ ಒತ್ತಿಕೊಂಡು, ಮೇಲೆ ಸೆರಗು ಹೊದೆದು ನಿಂತಿದ್ದರು. ಹಾಗೆಯೇ ಇಡೀ ರಾತ್ರಿ ಕೂತಿದ್ದರಂತೆ. ಹಾಲು ಚೀಪುತ್ತಿಲ್ಲ, ಅಳುತ್ತಿಲ್ಲ. ಪಾದ ಮುಟ್ಟಿ ನೋಡಿದೆ, ಬಾವಿಯ ಹಗ್ಗದ ಹಾಗೆ ತಣ್ಣಗಿತ್ತು. ತುಟಿಯ ಸುತ್ತ ನೀಲಿ. ಲೀಲಾ ಮಂಚದ ಮೇಲೆ ನಡುಗುತ್ತ, ‘ಅಮ್ಮ, ಏನಾಯ್ತಮ್ಮ, ಏನಾದ್ರೂ ಮಾಡಮ್ಮ’ ಎನ್ನುತ್ತಿದ್ದಳು. ಮೇಲೆ ಫ್ಯಾನು ತಿರುಗುತ್ತಲೇ ಇತ್ತು. ನಾನು ಹೋಗಿ ಸ್ವಿಚ್ಚು ಆರಿಸಿದೆ.

ಇವರು ಕೋಟಿನ ಗುಂಡಿ ಹಾಕಿಕೊಳ್ಳುತ್ತ ಒಳಕೋಣೆಯಿಂದ ಬಂದರು. ‘ಯಾರು ಆರಿಸಿದ್ದು?’ ಎಂದರು. ಮೊದಲು ಕೇಳಿದ್ದು ಅದನ್ನೇ.

ಅಕ್ಕ ಗಂಡನ ಎದುರಿಗೆ ಹೋಗಿ ನಿಂತರು. ಒಂದು ಕೈ ಮಗುವಿನ ಮೇಲೆ, ಇನ್ನೊಂದು ಕೈ ಚಾಚಿದರು.

‘ಆ ಕೋಟು ಬಿಚ್ಚಿಕೊಡಿ. ಕೂಸಿಗೆ ಸುತ್ತಬೇಕು.’

ಅವರು ಒಂದು ಹೆಜ್ಜೆ ಹಿಂದೆ ಸರಿದರು. ಕೈ ತಾನಾಗಿ ಕಾಲರಿಗೆ ಹೋಗಿ ಅದನ್ನು ಕತ್ತಿಗೆ ಬಿಗಿ ಮಾಡಿಕೊಂಡಿತು. ‘ನಂದು ಶೀತ ಪ್ರಕೃತಿ, ನಿನಗೆ ಗೊತ್ತಲ್ಲ’ ಎಂದರು. ಆಮೇಲೆ, ‘ಕಂಬಳಿ ತಗೋ, ಒಳಗಿದೆ’ ಎಂದೂ ಸೇರಿಸಿದರು.

ಅಕ್ಕ ಅವರ ಮುಖವನ್ನು ನೋಡಿದರು. ಮದುವೆಯಾದ ಇಷ್ಟು ವರ್ಷಗಳಲ್ಲಿ ಕಾಣದೆ ಇದ್ದದ್ದು ಏನೋ ಆಗ ಕಂಡ ಹಾಗೆ ನೋಡಿದರು. ‘ಲೀಲಾ, ಏಳು’ ಎಂದರು. ನಾನು ಲೀಲಾಳ ಹೆಗಲು ಹಿಡಿದೆ. ಹಿತ್ತಲು ದಾಟಿ, ಮಂಜಿನೊಳಗೆ, ನಮ್ಮ ಒಂದೇ ಕೋಣೆಯ ಔಟ್‌ಹೌಸಿಗೆ ಬಂದೆವು. ನನ್ನ ತಾಯಿ ಆಗಲೇ ಒಲೆಗೆ ಸೌದೆ ತುಂಬಿ, ಬಾಗಿಲು ಅರೆ ತೆಗೆದಿಟ್ಟು ಕಾಯುತ್ತಿದ್ದಳು. ‘ಎದೆಯಿಂದ ತೆಗೀಬ್ಯಾಡ ಕಣವ್ವಾ, ಅಂಗೇ ಇರ್ಲಿ’ ಎಂದಳು. ಶೀಶೆಗಳಿಗೆ ಬಿಸಿನೀರು ತುಂಬಿ ಹಳೆ ಸೀರೆ ಸುತ್ತಿ ಅಕ್ಕನ ಮಗ್ಗುಲಿಗೆ ಇಟ್ಟೆವು. ನಾನು ಜಟಕಾ ಹಿಡಿದು ಲೇಡಿ ಡಾಕ್ಟರ ಮನೆಗೆ ಓಡಿದೆ.

ಡಾಕ್ಟರು ಬಂದು ನೋಡಿದರು, ಸೂಜಿ ಚುಚ್ಚಿದರು. ಹೀಗೇ ಬೆಚ್ಚಗಿಟ್ಟು ತೊಟ್ಟು ತೊಟ್ಟಾಗಿ ಹಾಲು ಬಿಡಿ, ಈಗ ಆಸ್ಪತ್ರೆಯ ದಾರಿಯ ಚಳಿಯೂ ಬೇಡ ಎಂದರು. ಬೆಳಗು ಕಳೆದು ಬಿಸಿಲು ಹಿತ್ತಲಿಗೆ ಇಳಿಯಿತು. ನನ್ನ ತಾಯಿ ಆ ಪುಟ್ಟ ಪಾದಗಳನ್ನು ಅಂಗೈಯಲ್ಲಿ ಹಿಡಿದು ಕೂತಿದ್ದಳು. ಮಧ್ಯಾಹ್ನದ ಹೊತ್ತಿಗೆ ಸೆರಗಿನೊಳಗಿಂದ ಒಂದು ಸಣ್ಣ ಸದ್ದು ಬಂತು. ಆಮೇಲೆ ಇನ್ನೊಂದು. ಆಮೇಲೆ ಸಿಟ್ಟಿನ, ಹಸಿವಿನ, ಕೆಂಪು ಅಳು. ಲೀಲಾ ನಕ್ಕಳೋ ಅತ್ತಳೋ ನನಗೆ ತಿಳಿಯಲಿಲ್ಲ. ಅಕ್ಕ ಮಾತ್ರ ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿಕೊಂಡರು.

ಬಾಣಂತನ ಪೂರ್ತಿ ನಮ್ಮ ಕೋಣೆಯಲ್ಲೇ ಆಯಿತು. ಅಕ್ಕ ಎರಡು ಹೊತ್ತು ಹೋಗಿ ಗಂಡನಿಗೆ ಅಡುಗೆ ಮಾಡಿಟ್ಟು ಬರುವರು. ಇವರು ಒಂದು ದಿನ ನಮ್ಮ ಬಾಗಿಲವರೆಗೆ ಬಂದಿದ್ದರು. ಕೈಯಲ್ಲಿ ಥರ್ಮಾಮೀಟರ್ ಇತ್ತು. ಮಗುವಿಗೆಂದು ತಂದರೇನೋ ಎಂದು ನಾನು ಕೈ ಚಾಚಿದೆ. ಅದು ಕೋಣೆಯ ಗಾಳಿ ಅಳೆಯುವಂಥದು. ಹೊಸ್ತಿಲಲ್ಲೇ ಹಿಡಿದು ನೋಡಿ, ‘ಹೂಂ, ಒಲೆಯ ಶಾಖ ಸೇರಿದೆ, ಹೋಲಿಸೋಕೆ ಬರೋಲ್ಲ’ ಎಂದು ಹೊರಟುಹೋದರು.

ಮಾರನೆಯ ವರ್ಷ ಊರಿನ ಒಂದು ಸಭಾಂಗಣದಲ್ಲಿ ಅವರ ಉಪನ್ಯಾಸ ಏರ್ಪಾಡಾಯಿತು. ಗೃಹಜೀವನದಲ್ಲಿ ವಿಜ್ಞಾನ ಎಂಬ ವಿಷಯ. ಅಕ್ಕನ ಜೊತೆ ನಾನೂ ಹೋಗಿ ಹೆಂಗಸರ ಸಾಲಿನಲ್ಲಿ ಕೂತೆ. ಬೆರಳು ಎದ್ದಿತು. ಸೂರು, ಬಿಸಿ ಗಾಳಿ, ಉಲ್ಟಾ ಫ್ಯಾನು ಎಲ್ಲ ಬಂತು. ಕೊನೆಗೆ ಅವರು ದನಿ ತಗ್ಗಿಸಿ, ‘ನಮ್ಮ ಮನೆಯಲ್ಲೇ, ತಿಂಗಳು ತುಂಬದೆ ಹುಟ್ಟಿದ ಶಿಶುವನ್ನು ಈ ವಿಧಾನದಲ್ಲಿ ಇಟ್ಟು ನೋಡಿದ್ದೇನೆ’ ಎಂದರು. ಮುಂದಿನ ಸಾಲಿನಿಂದ ಯಾರೋ, ‘ಮಗು ಹೇಗಿದೆ ಸಾರ್?’ ಎಂದು ಕೇಳಿದರು. ‘ಆರೋಗ್ಯವಾಗಿದೆ’ ಎಂದರು. ಸುಳ್ಳಲ್ಲವಲ್ಲ! ಸಭೆ ಚಪ್ಪಾಳೆ ತಟ್ಟಿತು. ನನಗೆ ಮೈ ಉರಿಯಿತು, ಎದ್ದು ನಿಲ್ಲಲು ಹೋದೆ. ಅಕ್ಕ ನನ್ನ ಮೊಣಕೈ ಹಿಡಿದು ಕೂರಿಸಿ, ‘ಬೇಡ ಕಣೆ. ಹೇಳಿದ್ರೂ ಅವರಿಗೆ ಕೇಳೋದಿಲ್ಲ’ ಎಂದರು. ಆ ಮಾತಿನಲ್ಲಿ ಸಿಟ್ಟೂ ಇರಲಿಲ್ಲ. ಕಿವುಡರ ವಿಷಯ ಹೇಳುವ ಹಾಗೆ ಹೇಳಿದರು.

ಲೀಲಾ ಎರಡನೆಯ ಹೆರಿಗೆಗೆ ತವರಿಗೆ ಬರಲಿಲ್ಲ. ಗಂಡನ ಊರಾದ ಹಾಸನದಲ್ಲೇ ಆಯಿತು. ಅಕ್ಕ ಒಂದು ಟ್ರಂಕು ಹಿಡಿದುಕೊಂಡು ಅಲ್ಲಿಗೆ ಹೋದವರು ಹೆರಿಗೆ ಮುಗಿದು, ಮಗುವಿಗೆ ಹೆಸರಿಟ್ಟು, ಹಲ್ಲು ಮೂಡಿದರೂ ಬರಲಿಲ್ಲ. ಇವರು ಮೆಸ್ಸಿನಿಂದ ಕ್ಯಾರಿಯರ್ ತರಿಸಿಕೊಂಡು ಉಣ್ಣುತ್ತಿದ್ದರು. ಅನ್ನ ತಣ್ಣಗೆ ಬರುತ್ತದೆ ಎಂದು ಮೆಸ್ಸಿನವನಿಗೂ ಒಂದು ತತ್ವ ಹೇಳಿದ್ದರಂತೆ, ಅವನು ಕ್ಯಾರಿಯರ್ ನಿಲ್ಲಿಸಿಬಿಟ್ಟ. ಆಮೇಲೆ ತಾವೇ ನಡೆದುಹೋಗಿ ಉಂಡು ಬರುತ್ತಿದ್ದರು.

ಒಂದು ಸಂಜೆ ನಾನು ಸ್ಕೂಲಿನಿಂದ ಬರುವಾಗ ಗೇಟಿನ ಹತ್ತಿರ ನಿಂತಿದ್ದರು. ನನ್ನನ್ನು ಕಂಡು ಬೆರಳೆತ್ತಲಿಲ್ಲ. ಬೀದಿಯನ್ನೇ ನೋಡುತ್ತ, ‘ಏನಮ್ಮ, ನಿಮಗೇನಾದರೂ ಹೇಳಿದ್ದಾಳಾ ಅವಳು? ಯಾವಾಗ ಬರ್ತೀನಿ ಅಂತ?’ ಎಂದು ಕೇಳಿದರು.

‘ಇಲ್ಲ ಸಾರ್.’

‘ಮಗಳೂ ಅಷ್ಟೆ. ಒಂದು ಸಲ ಕೂಸುಗಳನ್ನ ಕರಕೊಂಡು ಬಾ ಅಂದರೆ ಏನೋ ಒಂದು ನೆವ. ನೀವೇ ಹೇಳಿ. ಇಷ್ಟು ದೊಡ್ಡ ಮನೆ, ನಲ್ಲಿ ಇದೆ, ಲೈಟಿದೆ, ಎಲ್ಲ ಅನುಕೂಲ ಇದೆ. ಈ ಮನೇಲಿ ಏನು ಕಡಿಮೆ ಆಗಿದೆ ಅಂತ?’

ನಾನು ಅವರ ಮುಖ ನೋಡಿದೆ. ಕೇಳುತ್ತಿದ್ದದ್ದು ನಟನೆಯಲ್ಲ. ಆ ಮನುಷ್ಯನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಇಷ್ಟು ವರ್ಷ ನಾನು ಬಾಯಿತುದಿಯಲ್ಲಿ ಇಟ್ಟುಕೊಂಡಿದ್ದ ಮಾತುಗಳೆಲ್ಲ ಒಮ್ಮೆಗೇ ದಂಡ ಎನ್ನಿಸಿಬಿಟ್ಟವು.

‘ಏನೂ ಕಡಿಮೆ ಇಲ್ಲ ಸಾರ್’ ಎಂದೆ.

ಅವರ ಮುಖ ತಿಳಿಯಾಯಿತು. ‘ಅದೇ ನಾನೂ ಹೇಳೋದು’ ಎಂದು ಗೇಟು ಹಾಕಿಕೊಂಡು ಒಳಗೆ ಹೋದರು.